ಲೆಕ್ಕಕ್ಕೆ ಬಾರದ ಕೂಸುಗಳು

ಹುಟ್ಟಿದ ಕೂಸು ತಿಂಗಳೊಳಗೆ ತೀರಿಕೊಂಡರೆ ‘ಅದರ ಋಣ ಇಷ್ಟೇ ಇತ್ತು’ ಎಂದು ಸಮಾಧಾನ ಹೇಳುವುದು ನಮ್ಮಲ್ಲಿ ರೂಢಿ. ನೊಂದ ತಾಯಿಗೆ ಆ ಮಾತು ಆಸರೆಯಾಗಬಹುದು. ಆದರೆ ವೈದ್ಯನಾದವನು ಅಲ್ಲಿಗೇ ನಿಲ್ಲಬಾರದೆಂಬುದು ನಮ್ಮ ಅಭಿಪ್ರಾಯ. ಮೂರು ದಶಕಗಳಿಗೂ ಮೀರಿದ ವೃತ್ತಿಯಲ್ಲಿ ನಾವು ಚಿಕಿತ್ಸಾಲಯಕ್ಕೆ ಬಂದವರ ಹೆಸರುಗಳನ್ನು ಬರೆದಿಟ್ಟೆವು. ಬಾರದೆಯೇ ಮನೆಯಲ್ಲಿ ಕಣ್ಮುಚ್ಚಿದ ಕೂಸುಗಳ ಲೆಕ್ಕವನ್ನು ಎಂದೂ ಇಡಲಿಲ್ಲ. ಡಾ. ಅಭಯ ಬಂಗ್ ಅವರ ಸಂಶೋಧನೆಯನ್ನು ಓದಿದಾಗ ನಮ್ಮ ಈ ಕೊರತೆ ಅರಿವಿಗೆ ಬಂದಿತು.

ಡಾ. ಅಭಯ ಬಂಗ್ ಹಾಗೂ ಅವರ ಪತ್ನಿ, ಸ್ತ್ರೀರೋಗತಜ್ಞೆ ಡಾ. ರಾಣಿ ಬಂಗ್ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯವನ್ನು ಅಭ್ಯಸಿಸಿ ಸ್ವದೇಶಕ್ಕೆ ಮರಳಿದರು. 1986ರಲ್ಲಿ ಮಹಾರಾಷ್ಟ್ರದ ಅರಣ್ಯಪ್ರದೇಶವಾದ ಗಡಚಿರೋಲಿ ಜಿಲ್ಲೆಯಲ್ಲಿ ‘ಸರ್ಚ್’ ಎಂಬ ಸಂಸ್ಥೆಯನ್ನು ಕಟ್ಟಿದರು. ಎರಡು ಹಳ್ಳಿಗಳ ಸ್ತ್ರೀಯರನ್ನು ಪರೀಕ್ಷಿಸಿ, ನೂರಕ್ಕೆ 92 ಮಂದಿಗೆ ಸ್ತ್ರೀರೋಗವಿರುವುದನ್ನು 1989ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯ ಮೂಲಕ ಲೋಕಕ್ಕೆ ತಿಳಿಸಿದರು. ಅದುವರೆಗೆ ಆ ನೋವು ಯಾವ ಲೆಕ್ಕದಲ್ಲಿಯೂ ಇರಲಿಲ್ಲ.

ಅನಂತರ ಅವರ ಗಮನ ನವಜಾತ ಶಿಶುಗಳತ್ತ ಹರಿಯಿತು. ಆಸ್ಪತ್ರೆ ದೂರ, ಕೂಸು ಸಾಯುವುದು ಮನೆಯಲ್ಲಿ. ಹಾಗಿದ್ದ ಮೇಲೆ ಚಿಕಿತ್ಸೆಯೇ ಮನೆಗೆ ಹೋಗಬೇಕಲ್ಲವೇ? ಅಲ್ಪಸ್ವಲ್ಪ ಓದಿದ ಹಳ್ಳಿಯ ಹೆಣ್ಣುಮಕ್ಕಳಿಗೇ ಅವರು ತರಬೇತಿಯಿತ್ತರು. ಕೂಸಿನ ತೂಕ ನೋಡುವುದು, ಮೈ ಬೆಚ್ಚಗಿಡುವುದು, ಉಸಿರುಗಟ್ಟಿದಾಗ ಉಸಿರು ತುಂಬುವುದು, ನಂಜೇರಿದರೆ ಜೀವನಿರೋಧಕ ಚುಚ್ಚುಮದ್ದು ಕೊಡುವುದು, ಇಷ್ಟನ್ನೂ ಆ ತಾಯಂದಿರು ಕಲಿತರು. 39 ಹಳ್ಳಿಗಳಲ್ಲಿ ಈ ಆರೈಕೆ ನಡೆಯಿತು. ಹೋಲಿಕೆಗಾಗಿ ಬೇರೆ 47 ಹಳ್ಳಿಗಳ ಲೆಕ್ಕವನ್ನೂ ಇಡಲಾಯಿತು. ಮೂರನೆಯ ವರ್ಷದಲ್ಲಿ ಆರೈಕೆ ದೊರೆತ ಹಳ್ಳಿಗಳಲ್ಲಿ ನವಜಾತ ಶಿಶುಗಳ ಮರಣಪ್ರಮಾಣ ಶೇಕಡಾ 62ರಷ್ಟು ಇಳಿದಿತ್ತು. 1999ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ‘ಋಣವಿಲ್ಲದ’ ಕೂಸುಗಳಲ್ಲಿ ಬಹಳಷ್ಟು ಬದುಕಬಲ್ಲವಾಗಿದ್ದವು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

2011ರಲ್ಲಿ ಭಾರತ ಸರ್ಕಾರವು ಇಂಥ ಮನೆ ಆರೈಕೆಯನ್ನು ದೇಶದ ಆಶಾ ಕಾರ್ಯಕರ್ತೆಯರಿಗೆ ವಹಿಸಿತು. ಆಸ್ಪತ್ರೆಯಲ್ಲಿ ಹೆರಿಗೆಯಾದ ಬಾಣಂತಿಯ ಮನೆಗೆ ಆಕೆ 3, 7, 14, 21, 28 ಮತ್ತು 42ನೆಯ ದಿನ, ಹೀಗೆ ಆರು ಸಲ ಬರಬೇಕು. ಆದರೆ ‘ಬಾಣಂತಿ ಕೋಣೆಗೆ ಹೊರಗಿನವರು ಬೇಡ’ ಎಂದು ಹೊಸ್ತಿಲಲ್ಲೇ ಆಕೆಯನ್ನು ತಡೆಯುವ ಮನೆಗಳನ್ನು ನಾವು ಕಂಡಿದ್ದೇವೆ.

ಕೌಮಾರಭೃತ್ಯವು ಆಯುರ್ವೇದದ ಎಂಟು ಅಂಗಗಳಲ್ಲಿ ಒಂದು. ಆ ಹೆಮ್ಮೆ ನಮಗುಂಟು. ಆದರೆ ಹೆಮ್ಮೆಯು ಲೆಕ್ಕಕ್ಕೆ ಅಂಜಬಾರದು. ಹುಟ್ಟಿದ ಕೂಸಿಗೆ ಜೇನು ನೆಕ್ಕಿಸುವುದನ್ನು ನಾವೂ ಒಂದು ಕಾಲದಲ್ಲಿ ಸಮರ್ಥಿಸಿದ್ದುಂಟು. ಇಂದು ಹಾಗೆ ಹೇಳೆವು. ವರ್ಷ ತುಂಬದ ಮಗುವಿಗೆ ಜೇನಿನಿಂದ ಬೊಟ್ಯುಲಿಸಂ ಎಂಬ ಪ್ರಾಣಾಂತಿಕ ವಿಷಬಾಧೆ ತಗುಲಬಹುದು. ಪರೀಕ್ಷೆಯಲ್ಲಿ ನಿಂತದ್ದು ಉಳಿಯಲಿ, ನಿಲ್ಲದ್ದನ್ನು ಬಿಡೋಣ.

ಆದುದರಿಂದ ಸದ್ಭಕ್ತರಲ್ಲಿ ನಮ್ಮ ವಿನಂತಿ ಇಷ್ಟೇ. ಕೂಸಿಗೆ ಹುಟ್ಟಿದ ಗಂಟೆಯೊಳಗೆ ಎದೆಹಾಲು ಕೊಡಿಸಿರಿ. ಆರು ತಿಂಗಳು ಬೇರೇನೂ ಬೇಡ. ಕೂಸು ಹಾಲು ಕುಡಿಯುವುದನ್ನು ಬಿಟ್ಟರೆ, ಮೈ ತಣ್ಣಗಾದರೆ, ಉಸಿರಾಡುವಾಗ ಎದೆಗೂಡು ಒಳಸೆಳೆದರೆ ನಮ್ಮ ಕಷಾಯಕ್ಕೂ ಕಾಯಬೇಡಿರಿ; ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಆಶಾ ಕಾರ್ಯಕರ್ತೆ ಬಾಗಿಲಿಗೆ ಬಂದಾಗ ಮನೆಯ ಹಿರಿಯರೇ ಎದ್ದು ಆಕೆಯನ್ನು ಒಳಗೆ ಕರೆಯಿರಿ.