ಆಕೆಗೂ ಒಂದು ಅರ್ಧ ಗಂಟೆ ಬಿಡಿ

ಬೆಳಗ್ಗೆ ಆರಕ್ಕೆ ಯಾವ ಬಡಾವಣೆಯ ಪಾರ್ಕಿಗೆ ಬೇಕಾದರೂ ಹೋಗಿ ನೋಡಿ. ಮಂಕಿ ಕ್ಯಾಪ್ ಹಾಕಿದ ಹಿರಿಯರು ರಾಜಕೀಯ ಮಾತಾಡುತ್ತ ಆರಾಮಾಗಿ ಸುತ್ತು ಹಾಕುತ್ತಿರುತ್ತಾರೆ. ಸೀರೆಯ ಮೇಲೆ ಸ್ವೆಟರ್ ತೊಟ್ಟು, ಕ್ಯಾನ್ವಾಸ್ ಶೂ ಏರಿಸಿದ ಹೆಂಗಸರು ಮಾತ್ರ ಕೈಯಲ್ಲಿ ಮೊಬೈಲ್ ಹಿಡಿದೇ ನಡೆಯುತ್ತಾರೆ. ಎರಡನೇ ಸುತ್ತಿಗೆ ಅದು ಬಡಿದುಕೊಳ್ಳುತ್ತದೆ. ‘ಸಾಕ್ಸ್ ಎಲ್ಲಿಟ್ಟಿದೀಯ?’ ‘ನೀರು ಬಂತು, ಮೋಟರ್ ಹಾಕ್ಲಾ?’ ಉತ್ತರ ಕೊಡುತ್ತಲೇ ಆಕೆ ಗೇಟಿನ ಕಡೆ ತಿರುಗಿರುತ್ತಾಳೆ. ಇದು ಪಾರ್ಕಿನವರೆಗೆ ಬಂದವರ ಕಥೆ. ಬಾರದವರ ಸಂಖ್ಯೆ ದೊಡ್ಡದು.

ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾಗಿ ನಡೆಯುವಂಥ ಚಟುವಟಿಕೆ ಮಾಡಬೇಕು, ಎರಡು ದಿನವಾದರೂ ಸ್ನಾಯುಗಳಿಗೆ ಕೆಲಸ ಕೊಡಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಭಾರತದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ವಯಸ್ಕರು ಅಗತ್ಯವಿರುವಷ್ಟು ಚಟುವಟಿಕೆ ಮಾಡುತ್ತಿಲ್ಲ ಎಂದು 2024ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪ್ರಕಟಿಸಿದ ಅಧ್ಯಯನ ಹೇಳಿತು. ಗಂಡಸರಲ್ಲಿ ಶೇ 42, ಹೆಂಗಸರಲ್ಲಿ ಶೇ 57.

‘ದಿನವಿಡೀ ಮನೆಕೆಲಸ ಮಾಡ್ತಾಳಲ್ಲ, ಅದಕ್ಕಿಂತ ವ್ಯಾಯಾಮ ಬೇಕಾ?’ ಈ ಮಾತನ್ನು ನಾವು ಬಿಡಬೇಕು. ಗುಡಿಸಿ ಸಾರಿಸುವುದೂ ಮೈಗೆ ಕೆಲಸವೇ, ಇಲ್ಲವೆನ್ನುವುದಿಲ್ಲ. ಆದರೆ ಒಲೆಯ ಮುಂದೆ ಗಂಟೆಗಟ್ಟಲೆ ನಿಲ್ಲುವುದು, ತುಂಬಿದ ಬಕೆಟ್ ಎತ್ತುವುದು, ಇನ್ನೊಬ್ಬರ ಗಡಿಯಾರಕ್ಕೆ ಓಡುವುದು ದಣಿಸುತ್ತವೆಯೇ ಹೊರತು ಚೇತರಿಸಿಕೊಳ್ಳಲು ಬಿಡುವುದಿಲ್ಲ. ಕೋಪನ್‌ಹೇಗನ್‌ನಲ್ಲಿ 1 ಲಕ್ಷಕ್ಕೂ ಹೆಚ್ಚು ಜನರನ್ನು ಗಮನಿಸಿ 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಿಡುವಿನಲ್ಲಿ ವ್ಯಾಯಾಮ ಮಾಡಿದವರಿಗೆ ಹೃದ್ರೋಗದ ಅಪಾಯ ಕಡಿಮೆಯಿತ್ತು. ಉದ್ಯೋಗದಲ್ಲಿ ಹೆಚ್ಚು ಮೈಮುರಿದು ದುಡಿದವರಿಗೆ ಅಪಾಯ ಹೆಚ್ಚಿತ್ತು. ಅದು ಸಂಬಳದ ದುಡಿಮೆಯ ಲೆಕ್ಕ, ಅಡುಗೆಮನೆಯದ್ದಲ್ಲ, ನಿಜ. ಆದರೂ ದುಡಿಮೆಯೆಲ್ಲ ವ್ಯಾಯಾಮವಲ್ಲ ಎಂಬುದಕ್ಕೆ ಅಷ್ಟು ಸಾಕು.

ಹಾಗಿದ್ದರೆ ಬಿಡುವು ಎಲ್ಲಿದೆ? ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88. ನಿದ್ದೆ ಬಾರದಿರುವುದು, ಮಂಡಿ ನೋವು, ನಲವತ್ತೈದು ದಾಟಿದ ಮೇಲೆ ಸವೆಯುವ ಮೂಳೆ, ಏರುವ ಸಕ್ಕರೆ, ಕಾರಣವಿಲ್ಲದ ಸಿಡುಕು: ಇವಕ್ಕೆಲ್ಲ ಮಾತ್ರೆ ತಂದುಕೊಡಲು ನಾವು ಸಿದ್ಧ, ಅರ್ಧ ಗಂಟೆ ಬಿಟ್ಟುಕೊಡಲು ಮಾತ್ರ ಕಷ್ಟ.

ಆದ್ದರಿಂದ ಗಂಡಂದಿರಲ್ಲಿ, ಬೆಳೆದ ಮಕ್ಕಳಲ್ಲಿ ಕೈಮುಗಿದು ಕೇಳುತ್ತೇನೆ. ಬೆಳಗಿನ ಕಾಫಿ, ಟಿಫನ್ ಡಬ್ಬಿ, ಎರಡರಲ್ಲಿ ಒಂದನ್ನು ನಿಮ್ಮ ಪಾಲಿಗೆ ಹಾಕಿಕೊಳ್ಳಿ. ಆಕೆ ಹೊರಟ ಮೇಲೆ ಫೋನ್ ಮಾಡಬೇಡಿ. ತಾಯಂದಿರೇ, ನೀವೂ ಅಪ್ಪಣೆಗೆ ಕಾಯಬೇಡಿ. ಜೊತೆಗೆ ಪಕ್ಕದ ಮನೆಯವರನ್ನು ಕರೆದುಕೊಂಡು ಹೊರಡಿ.

ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದವರಿಗೂ ಒಂದು ಮಾತು. ಮನೆಯಲ್ಲಿರುವ ಹೆಂಗಸರಿಗೆ ಕೈ ಬಿಡುವಾಗುವುದೇ ಹನ್ನೊಂದರ ಹೊತ್ತಿಗೆ. ಅಷ್ಟರಲ್ಲಿ ಎಷ್ಟೋ ಪಾರ್ಕುಗಳಿಗೆ ಬೀಗ ಬಿದ್ದಿರುತ್ತದೆ. ನಿಮ್ಮ ಪಾರ್ಕಿನದೂ ಹಾಗೇ ಆಗಿದ್ದರೆ, ಮುಂದಿನ ಸಭೆಯಲ್ಲಿ ಆ ಬೀಗದ ವಿಷಯವನ್ನೇ ಮೊದಲು ತೆಗೆದುಕೊಳ್ಳಿ.