ಮಗಳು ಗಾಲ್ಫ್ ಆಡ್ತಾಳಂತೆ!

ಈ ಸಲ ಬಂದ ಕಾಗದಗಳಲ್ಲಿ ಒಂದನ್ನು ಬೇರೆಯಾಗಿ ಎತ್ತಿಟ್ಟುಕೊಂಡಿದ್ದೆ. ಬರೆದವರು ಮಲೆನಾಡಿನ ಒಬ್ಬ ತಾಯಿ, ಹೆಸರು ಹಾಕಬೇಡಿ ಎಂದಿದ್ದಾರೆ. ಮಗಳು ಮದುವೆಯಾಗಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿದ್ದಾಳೆ. ಅಳಿಯ ಒಳ್ಳೆಯವರು, ಸಂಬಳಕ್ಕೇನೂ ಕೊರತೆಯಿಲ್ಲ. ಆದರೆ ಮಗಳು ಈಚೆಗೆ ವಾರಕ್ಕೆರಡು ದಿನ ಗಾಲ್ಫ್ ಆಡಲು ಹೋಗುತ್ತಾಳಂತೆ! “ಅದು ಸಾಹುಕಾರರ ಆಟ, ಗಂಡಸರ ಆಟ ಅಲ್ಲವೇ? ಕ್ಲಬ್ಬು ಗಿಬ್ಬು ಅಂತ ಮಾತಾಡ್ತಾಳೆ. ಬೀಗರ ಕಿವಿಗೆ ಬಿದ್ದರೆ ಏನಂದಾರು? ನೀವು ಆ ಊರಲ್ಲಿ ಇದ್ದು ಬಂದವರು, ನಾಲ್ಕು ಮಾತು ಬರೆಯಿರಿ” ಎಂದು ಕೇಳಿದ್ದಾರೆ.

ತಾಯಿ, ಮೊದಲು ಆ ‘ಕ್ಲಬ್ಬಿ’ನ ಭಯ ಬಿಡಿಸಿಬಿಡುತ್ತೇನೆ. ನಮ್ಮ ಊರುಗಳಲ್ಲಿ ಕ್ಲಬ್ ಎಂದರೆ ಇಸ್ಪೀಟು, ಬೀಡಿ ಹೊಗೆ, ರಾತ್ರಿ ಹನ್ನೊಂದಕ್ಕೆ ಮನೆಗೆ ಬರುವ ಗಂಡಸರು. ಗಾಲ್ಫಿನಲ್ಲಿ ಚೆಂಡು ಹೊಡೆಯುವ ಕೋಲಿಗೂ ಕ್ಲಬ್ ಅಂತಲೇ ಹೆಸರು. ನಿಮ್ಮ ಮಗಳು “ಕ್ಲಬ್ ತಗೊಂಡೆ” ಅಂದಿದ್ದರೆ ಒಂದು ಕೋಲು ಕೊಂಡಿದ್ದಾಳೆ, ಅಷ್ಟೇ!

ಆಟವೂ ಬಹಳ ಸರಳ. ದೊಡ್ಡ ನಿಂಬೆಹಣ್ಣಿನ ಗಾತ್ರದ ಚೆಂಡು, ತೂಕ 46 ಗ್ರಾಮಿನೊಳಗೆ. ಅದನ್ನು ಹುಲ್ಲುಗಾವಲಿನಲ್ಲಿ ಹೊಡೆಯುತ್ತಾ ಹೋಗಿ ನಾಲ್ಕೂಕಾಲು ಅಂಗುಲ ಅಗಲದ ಒಂದು ಗುಣಿಗೆ ಬೀಳಿಸಬೇಕು. ಆಮೇಲೆ ಮುಂದಿನ ಗುಣಿ. ಹೀಗೆ ಹದಿನೆಂಟು. ಎಷ್ಟು ಕಡಿಮೆ ಏಟಿನಲ್ಲಿ ಮುಗಿಸಿದಿರೋ ಅಷ್ಟು ಜಾಣರು. ಹದಿನೆಂಟೂ ಮುಗಿಯಲು ನಾಲ್ಕು ಗಂಟೆ ಹಿಡಿಯುತ್ತದೆ, ಏಳೆಂಟು ಕಿಲೋಮೀಟರು ನಡಿಗೆಯಾಗುತ್ತದೆ. ಒಂಬತ್ತಕ್ಕೇ ನಿಲ್ಲಿಸಿ ಮನೆಗೆ ಬರುವವರೂ ಬೇಕಾದಷ್ಟು ಜನ.

ಇನ್ನು ಸಾಹುಕಾರರ ಆಟವೆಂಬ ಮಾತು. ನಮ್ಮ ದೇಶದಲ್ಲಿ ಅದು ಬಹುಮಟ್ಟಿಗೆ ನಿಜ. ಕಲ್ಕತ್ತೆಯಲ್ಲಿ 1829ರಲ್ಲಿ, ಬೆಂಗಳೂರಿನಲ್ಲಿ 1876ರಲ್ಲಿ ಇಂಗ್ಲಿಷ್ ದೊರೆಗಳು ತಮಗಾಗಿ ಕಟ್ಟಿಕೊಂಡ ಆಟ ಅದು. ಬೇಲಿಯಾಚೆ ನಿಂತು ನೋಡಿದವರಿಗೆ ದೊಡ್ಡವರ ಆಟವಾಗಿಯೇ ಕಂಡಿತು. ಸ್ಕಾಟ್ಲೆಂಡಿನಲ್ಲಿ ಹಾಗಲ್ಲ. ಅಲ್ಲಿ ಅದು ಊರಿನ ಆಟ. ಜನ ಬಿಲ್ಲುವಿದ್ಯೆ ಬಿಟ್ಟು ಚೆಂಡಿನ ಹಿಂದೆ ಓಡುತ್ತಾರೆಂದು 1457ರಲ್ಲೇ ಅಲ್ಲಿನ ಸಂಸತ್ತು ಗಾಲ್ಫನ್ನೂ ಕಾಲ್ಚೆಂಡನ್ನೂ ನಿಷೇಧಿಸಿತ್ತು ಅಂದರೆ ನೋಡಿ, ಎಷ್ಟು ಜನ ಆಡುತ್ತಿದ್ದಿರಬೇಕು! ಎಡಿನ್‌ಬರೋ ನಗರದ ನಡುವೆಯೇ ಬ್ರಂಟ್ಸ್‌ಫೀಲ್ಡ್ ಲಿಂಕ್ಸ್ ಎಂಬ ಬಯಲಿದೆ. ಬೇಸಗೆಯಲ್ಲಿ ಅಲ್ಲಿ ಮೂವತ್ತಾರು ಪುಟ್ಟ ಗುಣಿಗಳ ಮೈದಾನ. ಯಾರು ಬೇಕಾದರೂ ಆಡಬಹುದು, ಒಂದು ಕಾಸೂ ಕೊಡಬೇಕಿಲ್ಲ. ಎರಡು ಕೋಲು, ಒಂದು ಚೆಂಡು ಇದ್ದರಾಯಿತು. ಊರಿನ ದಕ್ಷಿಣಕ್ಕೆ ಬ್ರೇಡ್ ಹಿಲ್ಸ್ ಗುಡ್ಡದ ಮೇಲೆ 1889ರಿಂದ ನಗರದವರಿಗೇ ಎಂದು ಮಾಡಿದ ಮೈದಾನವಿದೆ. ಅದಕ್ಕೆ ಶುಲ್ಕ ಉಂಟು, ಆದರೆ ಅಲ್ಲಿಂದ ಕೋಟೆ, ಕೆಳಗೆ ಊರು, ಆಚೆಗೆ ಸಮುದ್ರದ ಚಾಚು ಎಲ್ಲವೂ ಕಾಣುತ್ತವೆ. ನಾನಂತೂ ಎಷ್ಟೋ ಸಲ ಚೆಂಡನ್ನು ಮರೆತು ನಿಂತದ್ದುಂಟು. ಹಳೆಯ ಕೋಲುಗಳು ಧರ್ಮಾರ್ಥದ ಅಂಗಡಿಗಳಲ್ಲಿ ಅಗ್ಗಕ್ಕೇ ಸಿಗುತ್ತವೆ. ಅಳಿಯಂದಿರ ಜೇಬು ಬರಿದಾಗುವ ಭಯ ಬೇಡ.

ಆದರೆ ನಿಮ್ಮ ಪ್ರಶ್ನೆಯ ಒಳಗೆ ಇನ್ನೊಂದು ಪ್ರಶ್ನೆಯಿದೆ, ಅಲ್ಲವೇ? ಮನೆಯಲ್ಲಿ ಎಲ್ಲ ಇದ್ದೂ ಇವಳಿಗೆ ಇದೇಕೆ ಬೇಕಾಯಿತು ಅಂತ.

ಡಿಸೆಂಬರಿನಲ್ಲಿ ಅಲ್ಲಿ ಮಧ್ಯಾಹ್ನ ಮೂರೂ ಮುಕ್ಕಾಲಿಗೆಲ್ಲ ಸೂರ್ಯ ಮುಳುಗುತ್ತಾನೆ. ಬೆಳಿಗ್ಗೆ ಯಜಮಾನರನ್ನು ಕಳಿಸಿ ಬಾಗಿಲು ಹಾಕಿದರೆ ಸಂಜೆಯ ತನಕ ಆ ಬಾಗಿಲು ಯಾರೂ ತಟ್ಟುವುದಿಲ್ಲ. ಹಾಲಿನವನಿಲ್ಲ, ಹೂವಿನವಳಿಲ್ಲ, “ಒಂದು ಲೋಟ ಸಕ್ಕರೆ ಇದೆಯೇನ್ರೀ?” ಅನ್ನುವ ಪಕ್ಕದ ಮನೆಯಾಕೆಯೂ ಇಲ್ಲ. ಒಬ್ಬಳಿಗೋಸ್ಕರ ಸಾರು ಕುದಿಸಿ, ಒಬ್ಬಳೇ ಕೂತು ಉಂಡು, ಕಿಟಕಿಯಲ್ಲಿ ಮಳೆ ನೋಡುವುದು. ನಿಮ್ಮ ಮಗಳು ಫೋನಿನಲ್ಲಿ “ಚೆನ್ನಾಗಿದೀನಿ ಅಮ್ಮ” ಅಂದಿರುತ್ತಾಳೆ. ನಾವೆಲ್ಲ ಹಾಗೇ ಅನ್ನುತ್ತಿದ್ದೆವು. ಪರವೂರಲ್ಲಿ ಪಾರ್ಟಿಗೆ ಹೋದರೂ ನಾವು ಇಂಥವರ ಹೆಂಡತಿ. ಚಿಕ್ಕಮಕ್ಕಳನ್ನು ಸೇರಿಸಿಕೊಂಡು ಆಡುವಾಗ ಹೇಳುತ್ತೀವಲ್ಲ, ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತ, ಹಾಗೆ.

ಗಾಲ್ಫಿನಲ್ಲಿ ಲೆಕ್ಕಕ್ಕುಂಟು ಕಣ್ರೀ! ಅದಕ್ಕೊಂದು ಉಪಾಯ ಮಾಡಿದ್ದಾರೆ, ‘ಹ್ಯಾಂಡಿಕ್ಯಾಪ್’ ಅಂತ. ಹೊಸಬರಿಗೆ ಇಷ್ಟು ಏಟು ಮಾಫಿ, ಪಳಗಿದವರಿಗೆ ಇಷ್ಟೇ ಮಾಫಿ. ನಿಮ್ಮ ಮಗಳಿಗೆ 36 ಏಟಿನ ರಿಯಾಯಿತಿ ಇದೆ ಅನ್ನಿ. ಅವಳು 107 ಏಟಿನಲ್ಲಿ ಮುಗಿಸಿದರೆ ಲೆಕ್ಕಕ್ಕೆ 71. ಮೂವತ್ತು ವರ್ಷದಿಂದ ಆಡುತ್ತಿರುವ ಅಜ್ಜಿಯೊಬ್ಬಳಿಗೆ ಆರೇ ಏಟಿನ ರಿಯಾಯಿತಿ. ಆಕೆ 79ರಲ್ಲಿ ಮುಗಿಸಿದರೆ ಲೆಕ್ಕಕ್ಕೆ 73. ಗೆದ್ದವಳು ನಿಮ್ಮ ಮಗಳು! ಅವಳ ಹೆಸರಿನದೇ ಒಂದು ಕಾರ್ಡು. ಏಟು ಎಣಿಸಿ ಬರೆಯುವವರು ಜೊತೆ ಆಟಗಾರರು, ಕೊನೆಗೆ ಸಹಿ ಹಾಕಬೇಕಾದವಳು ಅವಳೇ. ಇನ್ನೊಂದು ತಮಾಷೆ ಕೇಳಿ. ಚೆಂಡು ಯಾರ ತಲೆಯ ಕಡೆಗಾದರೂ ಹಾರಿದರೆ “ಫೋರ್!” ಎಂದು ಗಂಟಲು ಹರಿಯುವಂತೆ ಕೂಗಬೇಕು. ನಮ್ಮ ಕಡೆ ಹೆಂಗಸು ಬೀದಿಯಲ್ಲಿ ಹಾಗೆ ಕೂಗಿದರೆ ಬಜಾರಿ ಅಂತಾರೆ. ಅಲ್ಲಿ ಕೂಗದಿದ್ದರೇ ತಪ್ಪು. ಮೂರು ವರ್ಷ ಪಿಸುಮಾತಿನಲ್ಲಿ ಬದುಕಿದವಳಿಗೆ ಆ ಒಂದು ಕೂಗು ಎಷ್ಟು ಹಗುರವೆಂದು ಹೇಗೆ ಹೇಳಲಿ!

ಗಂಡಸರ ಆಟ ಎಂದಿರಿ. ಎಡಿನ್‌ಬರೋಗೆ ಹತ್ತಿರದ ಮಸಲ್‌ಬರೋ ಎಂಬ ಊರಿನಲ್ಲಿ ಬೆಸ್ತರ ಹೆಂಗಸರಿದ್ದರು. ಬೆನ್ನ ಮೇಲೆ ಮೀನಿನ ಬುಟ್ಟಿ ಹೊತ್ತು ಪಟ್ಟಣಕ್ಕೆ ನಡೆದು ಹೋಗಿ ಮಾರಿ ಬರುವ ಗಟ್ಟಿಗಿತ್ತಿಯರು. 1811ರ ಜನವರಿಯ ಪಂದ್ಯಕ್ಕೆಂದು ಊರಿನ ಗಾಲ್ಫ್ ಸಂಘ ಅವರಿಗೆ ಬಹುಮಾನ ಗೊತ್ತುಮಾಡಿತು. ಗೆದ್ದವಳಿಗೆ ಒಂದು ಹೊಸ ಬುಟ್ಟಿ, ಒಂದು ಶಾಲು, ಜೊತೆಗೆ ಬಾರ್ಸಿಲೋನಾ ರೇಷ್ಮೆಯ ಕರವಸ್ತ್ರಗಳು. ಹೆಂಗಸರ ಗಾಲ್ಫ್ ಪಂದ್ಯದ ಮೊದಲ ದಾಖಲೆ ಅದು. ಆಡಿದವರು ರಾಣಿಯರಲ್ಲ, ನೋಡಿ, ದುಡಿದು ತಿನ್ನುವ ಹೆಂಗಸರು.

ದೊಡ್ಡ ಮನೆಯವರೇ ಸಣ್ಣತನ ಮಾಡಿದ್ದು. 1744ರಷ್ಟು ಹಳೆಯ ಸಂಘವೊಂದು ಅಲ್ಲೇ ಪೂರ್ವಕ್ಕೆ ಮ್ಯೂರ್‌ಫೀಲ್ಡಿನಲ್ಲಿದೆ. ಹೆಂಗಸರನ್ನು ಸದಸ್ಯರಾಗಿ ಸೇರಿಸಿಕೊಳ್ಳೋಣವೇ ಎಂದು 2016ರಲ್ಲಿ ಮತಕ್ಕೆ ಹಾಕಿದರು. ಮೂರರಲ್ಲೆರಡು ಪಾಲು ಬೇಕಿತ್ತು, ಬರಲಿಲ್ಲ. ಹಾಗಾದರೆ ಓಪನ್ ಪಂದ್ಯಾವಳಿ ನಿಮ್ಮಲ್ಲಿ ನಡೆಸುವುದಿಲ್ಲ ಎಂದು ಮೇಲಿನವರು ಹೇಳಿದ ಮೇಲೆ, 2017ರಲ್ಲಿ ಮತ್ತೆ ಮತ ಹಾಕಿ ಒಪ್ಪಿದರು. 2022ರಲ್ಲಿ ಹೆಂಗಸರ ಓಪನ್ ಅದೇ ಮೈದಾನದಲ್ಲಿ ನಡೆಯಿತು. ಬುದ್ಧಿ ಬರಲು 273 ವರ್ಷ!

ನಮ್ಮ ಹುಡುಗಿಯ ಮಾತೂ ಹೇಳಲೇಬೇಕು. ಬೆಂಗಳೂರಿನ ಅದಿತಿ ಅಶೋಕ್ 2021ರ ಆಗಸ್ಟಿನಲ್ಲಿ ಟೋಕಿಯೋ ಒಲಿಂಪಿಕ್ಸಿನಲ್ಲಿ ನಾಲ್ಕನೆಯವಳಾದಳು. ಪದಕ ತಪ್ಪಿದ್ದು ಒಂದೇ ಒಂದು ಏಟಿನಿಂದ. ಇಡೀ ದೇಶ ಬೆಳಗಾಗೆದ್ದು ಟಿ.ವಿ. ಮುಂದೆ ಕೂತಿತ್ತು. ಆ ದಿನಗಳಲ್ಲಿ ಅವಳ ಕೋಲುಗಳ ಭಾರವಾದ ಚೀಲ ಹೆಗಲಿಗೆ ಹಾಕಿಕೊಂಡು ಬಿಸಿಲಲ್ಲಿ ಪಕ್ಕದಲ್ಲೇ ನಡೆದವರು ಯಾರು ಗೊತ್ತೇ? ಅವಳ ಅಮ್ಮ.

ಬೀಗರ ಚಿಂತೆಗೆ ನನ್ನ ಸಲಹೆ ಇಷ್ಟು: ಅವರಿಗೆ ಬೇರೆ ಬಾಯಿಂದ ತಿಳಿಯುವ ಮೊದಲು ನೀವೇ ಹೇಳಿ. ಕಾಗದ ಮುಚ್ಚಿಟ್ಟ ಹಾಗೆ ಪಿಸುಗುಟ್ಟಬೇಡಿ. “ನಮ್ಮ ಹುಡುಗಿ ಅಲ್ಲಿ ಆಟ ಕಲೀತಿದ್ದಾಳೆ” ಅಂತ ಹಬ್ಬದ ಸುದ್ದಿ ಹೇಳುವ ದನಿಯಲ್ಲೇ ಹೇಳಿ. ಮಗಳಿಗೆ “ಯಾಕೆ ಹೋಗ್ತೀಯ?” ಎಂದು ಕೇಳುವುದನ್ನು ಬಿಟ್ಟು “ಇವತ್ತು ಎಷ್ಟು ಏಟು?” ಎಂದು ಕೇಳಿ ನೋಡಿ. ಅರ್ಧ ಗಂಟೆ ಫೋನು ಇಡುವುದಿಲ್ಲ ಅವಳು. ಬಾಣಂತನಕ್ಕೋ ಬೇಸಗೆಗೋ ನಿಮ್ಮನ್ನು ಅಲ್ಲಿಗೆ ಕರೆಸಿಕೊಂಡರೆ ಬ್ರಂಟ್ಸ್‌ಫೀಲ್ಡಿಗೆ ನೀವೂ ಹೋಗಿ. ಜೂನಿನಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ, ಅಡಿಗೆ ಮುಗಿಸಿಯೇ ಹೊರಡಬಹುದು. ಸೀರೆಯ ಮೇಲೊಂದು ಉಣ್ಣೆಯ ಕೋಟು, ಕಾಲಿಗೆ ಬೂಟು, ತಲೆಗೆ ಬಿಗಿಯಾಗಿ ಸ್ಕಾರ್ಫು. ಅಲ್ಲಿನ ಗಾಳಿ ನೆರಿಗೆ ನಿಲ್ಲಗೊಡುವುದಿಲ್ಲ, ಎರಡು ಪಿನ್ನು ಹೆಚ್ಚಾಗಿ ಹಾಕಿಕೊಳ್ಳಿ.

ಈಗ ಏನಾದರೂ ಕಳಿಸಬೇಕೆನಿಸಿದರೆ ಕೋಡುಬಳೆ ಕಳಿಸಿ, ಚಕ್ಕುಲಿ ಬೇಡ, ದಾರಿಯಲ್ಲಿ ಪುಡಿಯಾಗುತ್ತದೆ. ಹಿಟ್ಟಿಗೆ ಬಿಸಿ ಎಣ್ಣೆ ಸ್ವಲ್ಪ ಕೈಬಿಗಿ ಹಿಡಿದೇ ಹಾಕಿ, ಬಳೆ ಚಿಕ್ಕದಾಗಿ ಸುತ್ತಿ, ಸಣ್ಣ ಉರಿಯಲ್ಲಿ ಗಟ್ಟಿಯಾಗಿ ಕರಿಯಿರಿ. ಒಂಬತ್ತನೆಯ ಗುಣಿಯ ಹತ್ತಿರ ಕೋಟಿನ ಜೇಬಿನಿಂದ ತೆಗೆದು ತಿನ್ನಲು ಅದರಂಥದ್ದು ಇನ್ನಿಲ್ಲ. ಜೊತೆಗೆ ಆಡುವ ಅಜ್ಜಿಗೂ ಸಾಲುವಷ್ಟು ಕಳಿಸಿ.