ತೀರಪಥದಲ್ಲಿ ಸಮಗತಿಯ ಧರ್ಮ

ನೀರಿನ ಅಂಚಿನಲ್ಲಿ ಹಾಸಿದ ದಾರಿಯ ಮೇಲೆ ಸೈಕಲ್ ಸವಾರನು ಎಷ್ಟು ವೇಗವಾಗಿ ಹೋಗತಕ್ಕದ್ದು ಎಂಬ ಪ್ರಶ್ನೆ ಮೊದಲ ನೋಟಕ್ಕೆ ಕ್ಷುದ್ರವೆಂದು ತೋರಬಹುದು. ಆದರೆ ಸಮುದ್ರವನ್ನೋ ಸರೋವರವನ್ನೋ ಆಶ್ರಯಿಸಿ ಬೆಳೆದ ಮಹಾನಗರಗಳಲ್ಲಿ, ಮೋಟಾರು ವಾಹನಗಳ ಉಪದ್ರವದಿಂದ ತಪ್ಪಿಸಿಕೊಂಡು ಜನ ಉಸಿರಾಡಬಹುದಾದ ಸ್ಥಳವೆಂದರೆ ತೀರವೊಂದೇ ಎಂಬಂತಾಗಿರುವ ಈ ಕಾಲದಲ್ಲಿ, ವಾಯುಸೇವನೆಗೆ ಬಂದ ವೃದ್ಧರೂ, ಮಗುವನ್ನು ಗಾಡಿಯಲ್ಲಿ ಕೂರಿಸಿ ತಳ್ಳುವ ತಾಯಂದಿರೂ, ಓಟದ ಅಭ್ಯಾಸಿಗಳೂ, ಕಚೇರಿಗೆ ಹೊರಟ ಸವಾರರೂ ಒಂದೇ ಕಿರಿದಾದ ಪಟ್ಟಿಯ ಮೇಲೆ ಕೂಡುವುದರಿಂದ, ಅದು ನಾಗರಿಕ ಜೀವನದ ಮುಖ್ಯ ಪ್ರಶ್ನೆಗಳಲ್ಲಿ ಒಂದಾಗಿ ಪರಿಣಮಿಸಿದೆ. ಅಂಥ ದಾರಿಯಲ್ಲಿ ಸವಾರನಿಗೆ ಒಪ್ಪತಕ್ಕದ್ದು ಮಿತವೂ ಏಕರೂಪವೂ ಆದ ಗತಿ. ಆ ಗತಿಯನ್ನು ಅವನು ಕಾಯ್ದುಕೊಳ್ಳಲು ಅನುವಾಗುವಂತೆ ದಾರಿಯನ್ನು ರಚಿಸಿಕೊಡುವುದು ನಗರಾಡಳಿತದ ಕರ್ತವ್ಯ. ಈ ಎರಡರಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಕೇಳುವುದು ನ್ಯಾಯವಲ್ಲ.

ಈ ಮಾತನ್ನು ಪರೀಕ್ಷಿಸುವುದಕ್ಕೆ ಅಮೆರಿಕದ ಷಿಕಾಗೊ ನಗರದ ಸರೋವರತೀರಕ್ಕಿಂತ ಒಳ್ಳೆಯ ಉದಾಹರಣೆ ವಿರಳ. ಮಿಷಿಗನ್ ಸರೋವರದ ದಡದ ಒಂದು ಭಾಗವನ್ನು ಕಟ್ಟಡಗಳಿಲ್ಲದೆ ಸಾರ್ವಜನಿಕರಿಗಾಗಿ ಶಾಶ್ವತವಾಗಿ ತೆರೆದಿಡತಕ್ಕದ್ದೆಂದು 1836ರಲ್ಲಿಯೇ ಅಲ್ಲಿನ ಕಾಲುವೆ ಆಯುಕ್ತರು ನಕ್ಷೆಯ ಮೇಲೆ ಬರೆದಿಟ್ಟರು. ಅಂಚೆಯ ಮೂಲಕ ಸರಕು ಮಾರುವ ವ್ಯಾಪಾರದಿಂದ ಹೆಸರಾದ ಆರನ್ ಮಾಂಟ್ಗೊಮೆರಿ ವಾರ್ಡನು ಆ ಬರಹವನ್ನೇ ಆಧಾರವಾಗಿಟ್ಟುಕೊಂಡು, 1890ರಿಂದ ಎರಡು ದಶಕಗಳ ಕಾಲ ನ್ಯಾಯಾಲಯದಲ್ಲಿ ಹೋರಾಡಿ, ಇಂದಿನ ಗ್ರಾಂಟ್ ಉದ್ಯಾನವನ್ನು ಕಟ್ಟಡಗಳ ಆಕ್ರಮಣದಿಂದ ಉಳಿಸಿದನು. ಡೇನಿಯಲ್ ಬರ್ನಮ್ ಮತ್ತು ಎಡ್ವರ್ಡ್ ಬೆನೆಟ್ 1909ರಲ್ಲಿ ಪ್ರಕಟಿಸಿದ ನಗರಯೋಜನೆಯು ತೀರವನ್ನು ಜನರ ಸ್ವತ್ತೆಂದೇ ಭಾವಿಸಿತು. ಈ ಪರಂಪರೆಯ ಫಲವಾಗಿ ಇಂದು ಉತ್ತರದ ಆರ್ಡ್‌ಮೋರ್ ಬೀದಿಯಿಂದ ದಕ್ಷಿಣದ 71ನೆಯ ಬೀದಿಯವರೆಗೆ ಸುಮಾರು 30 ಕಿಲೋಮೀಟರ್ ಉದ್ದದ ಪಥವೊಂದು ನೀರಿನ ಮಗ್ಗುಲಲ್ಲಿಯೇ ಸಾಗುತ್ತದೆ.

ಈ ಪಥದ ಎರಡು ಕೊನೆಗಳಲ್ಲಿ ಬಯಲು ಹೆಚ್ಚು, ಜನ ಕಡಿಮೆ, ಕಷ್ಟವಿರುವುದು ನಡುವೆ. ಓಕ್ ಬೀದಿಯ ತೀರದಂಥ ಮರಳುದಡದ ಬಳಿ ಪಥವು ಬಾಗುವಲ್ಲಿ ಬೇಸಗೆಯ ಒಂದು ಅಪರಾಹ್ನದ ಸ್ಥಿತಿಯನ್ನು ಮನಸ್ಸಿಗೆ ತಂದುಕೊಳ್ಳಿ: ಒಂದು ಕಡೆ ಹೆದ್ದಾರಿ, ಇನ್ನೊಂದು ಕಡೆ ನೀರು, ಹೆದ್ದಾರಿಯ ಅಡಿಯ ಸುರಂಗದಾರಿಯಿಂದ ಮೇಲೆ ಬಂದ ಜನರಿಗೆ ಮೊದಲು ಕಾಣುವುದು ಸರೋವರವೇ ಹೊರತು ಸೈಕಲಲ್ಲ, ಅವರು ಪಥವನ್ನು ಅಡ್ಡಲಾಗಿ ದಾಟಿಯೇ ಮರಳಿಗೆ ಇಳಿಯಬೇಕು. ಗಾಳಿ ತಂದು ಚೆಲ್ಲಿದ ಮರಳು ಸಿಮೆಂಟಿನ ಮೇಲೆ ತೆಳುವಾಗಿ ಹರಡಿರುತ್ತದೆ. ಅಲೆ ಎದ್ದ ದಿನ ನೆಲ ಒದ್ದೆಯಾಗಿರುತ್ತದೆ. ಚೆಂಡಿನ ಹಿಂದೆ ಓಡುವ ಮಗುವಿಗೆ ಎಡಬಲಗಳ ನಿಯಮ ತಿಳಿಯದು. ತಿಳಿದಿರಬೇಕೆಂದು ಅಪೇಕ್ಷಿಸುವುದೂ ತಪ್ಪು. ಏಕೆಂದರೆ ತೀರವನ್ನು ಜನಕ್ಕಾಗಿ ಉಳಿಸಿದ್ದರ ಪ್ರಯೋಜನವೇ ಆ ಮಗುವಿನ ನಿಶ್ಚಿಂತೆ.

ಇಲ್ಲಿ ವೇಗದ ಲೆಕ್ಕವನ್ನು ತುಸು ನೋಡಬೇಕು. ಗಂಟೆಗೆ 30 ಕಿಲೋಮೀಟರ್ ವೇಗದ ಸವಾರನು ಸೆಕೆಂಡಿಗೆ 8 ಮೀಟರಿಗಿಂತ ಹೆಚ್ಚು ದೂರ ಸಾಗುತ್ತಾನೆ. ಅಡ್ಡಬಂದದ್ದನ್ನು ಕಂಡು ಕೈ ಬ್ರೇಕಿನ ಮೇಲೆ ಬೀಳುವುದಕ್ಕೆ ಒಂದು ಸೆಕೆಂಡು, ಆಮೇಲೆ ಗಾಲಿ ನಿಲ್ಲುವುದಕ್ಕೆ ಒಣನೆಲದಲ್ಲಿ ಸುಮಾರು 9 ಮೀಟರ್. ಎರಡೂ ಸೇರಿ 17 ಮೀಟರ್. ಅದೇ ಸವಾರನು 18 ಕಿಲೋಮೀಟರಿನ ವೇಗದಲ್ಲಿದ್ದರೆ ಎಲ್ಲವೂ ಸುಮಾರು 8 ಮೀಟರಿನಲ್ಲಿ ಮುಗಿಯುತ್ತದೆ. ವೇಗದಂತಲ್ಲ, ವೇಗದ ವರ್ಗದಂತೆ ಆಘಾತದ ಶಕ್ತಿ ಬೆಳೆಯುವುದರಿಂದ, ಮೊದಲನೆಯವನ ಢಿಕ್ಕಿ ಎರಡನೆಯವನದಕ್ಕಿಂತ ಎರಡೂಮುಕ್ಕಾಲು ಪಟ್ಟು ಘೋರ. ಇಷ್ಟಕ್ಕೂ ದಟ್ಟಣೆಯ ಭಾಗವು ಮೂರು ಕಿಲೋಮೀಟರೆಂದಿಟ್ಟುಕೊಂಡರೆ, ಆತುರದವನು ಅದನ್ನು 6 ನಿಮಿಷದಲ್ಲಿಯೂ ಸಾವಧಾನಿಯು 10 ನಿಮಿಷದಲ್ಲಿಯೂ ದಾಟುತ್ತಾನೆ. ನಾಲ್ಕು ನಿಮಿಷದ ಲಾಭಕ್ಕಾಗಿ ಅಪರಿಚಿತರ ಅಸ್ಥಿಮಾಂಸಗಳನ್ನು ಪಣವಾಗಿಡುವ ಅಧಿಕಾರ ಯಾರಿಗೂ ಇಲ್ಲ.

ಆದರೆ ನಿಧಾನವೊಂದೇ ಸಾಲದು, ಸಮತೆಯೂ ಬೇಕು. ನಡೆಯುವವರು ಹಿಂದಿನಿಂದಲೋ ಎದುರಿನಿಂದಲೋ ಬರುವ ಸೈಕಲನ್ನು ಒಮ್ಮೆ ನೋಡಿ, ಅದು ತಮ್ಮ ಬಳಿಗೆ ಯಾವ ಕ್ಷಣಕ್ಕೆ ಬಂದೀತೆಂದು ಊಹಿಸಿ ಹೆಜ್ಜೆಯಿಡುತ್ತಾರೆ. ಸವಾರನು ಆ ಊಹೆಯನ್ನು ಸುಳ್ಳಾಗಿಸದಿರುವುದೇ ಅವನ ಸೌಜನ್ಯ. ತೆರಪು ಕಂಡಲ್ಲಿ ನುಗ್ಗಿ, ಗುಂಪು ಕಂಡಲ್ಲಿ ಬ್ರೇಕು ಬಿಗಿದು, ಮತ್ತೆ ಎದ್ದು ನಿಂತು ಪೆಡಲು ತುಳಿಯುವವನ ಸರಾಸರಿ ವೇಗ ಹೆಚ್ಚಿರಲಾರದು. ಆದರೂ ಅವನೇ ಅತ್ಯಂತ ಅಪಾಯಕಾರಿ. ಅವನ ಸ್ವಂತ ದೇಹಕ್ಕೂ ಅದರಿಂದ ನಷ್ಟವೇ. ಗಾಳಿಯ ಪ್ರತಿರೋಧವನ್ನು ಗೆಲ್ಲಲು ಬೇಕಾದ ಸಾಮರ್ಥ್ಯವು ವೇಗದ ಘನದಂತೆ ಏರುವುದರಿಂದ, 18ರಿಂದ 30ಕ್ಕೆ ಜಿಗಿದವನು ಗಾಳಿಯೊಡನೆ ನಾಲ್ಕೂವರೆ ಪಟ್ಟಿಗೂ ಮೀರಿದ ಶ್ರಮದಿಂದ ಸೆಣಸಿ, ಸಂಪಾದಿಸಿದ ವೇಗವನ್ನು ಮುಂದಿನ ಗುಂಪಿನ ಬಳಿ ಬ್ರೇಕಿನಲ್ಲಿ ಕರಗಿಸಿಬಿಡುತ್ತಾನೆ. ತೀರದ ಗಾಳಿಯಿಂದ ಇನ್ನೊಂದು ಸೂಕ್ಷ್ಮವೂ ಹುಟ್ಟುತ್ತದೆ. ತುಳಿತದ ಸಾಮರ್ಥ್ಯವನ್ನು ಅಳೆಯುವ ಯಂತ್ರವನ್ನು ನಂಬಿ ಅಭ್ಯಾಸ ಮಾಡುವವನು ಶ್ರಮವನ್ನು ಸಮವಾಗಿಟ್ಟುಕೊಳ್ಳುತ್ತಾನೆ. ಆದರೆ ಬೆನ್ನಗಾಳಿ ಬೀಸಿದಾಗ ಅದೇ ಶ್ರಮಕ್ಕೆ ವೇಗ ತಾನಾಗಿ ಏರುತ್ತದೆ, ಮತ್ತು ಅದು ಏರಿದ್ದು ಅವನ ಅರಿವಿಗೆ ಬರುವುದಿಲ್ಲ. ಜನರ ನಡುವೆ ಸಮವಾಗಿರಬೇಕಾದದ್ದು ಸವಾರನ ಶ್ರಮವಲ್ಲ, ಜನರ ಕಣ್ಣಿಗೆ ಕಾಣುವ ವೇಗ.

ಸವಾರರ ಪಕ್ಷದ ಮಾತನ್ನೂ ಗೌರವದಿಂದ ಕೇಳಬೇಕು. ಬೀದಿಯಲ್ಲಿ ಲಾರಿ ಕಾರುಗಳು ತಮ್ಮನ್ನು ಅಂಚಿಗೆ ಒತ್ತುತ್ತಿರುವಾಗ ತೀರಪಥವಲ್ಲದೆ ಬೇರೆ ಗತಿಯೆಲ್ಲಿ, ನಿಲ್ಲದೆ ಒಂದು ಗಂಟೆ ತುಳಿಯಬಹುದಾದ ನಿರಾತಂಕ ದಾರಿ ಊರಲ್ಲಿ ಇನ್ನೆಲ್ಲಿದೆ ಎಂದು ಅವರು ಕೇಳುವುದು ಯಥಾರ್ಥವಾದದ್ದು. ತೀರವನ್ನು ಅವರು ಆರಿಸಿಕೊಂಡದ್ದು ದರ್ಪದಿಂದಲ್ಲ, ಪ್ರಾಣಭಯದಿಂದ. ಆದರೂ ಸಮಗತಿಯು ಅವರ ಅಭ್ಯಾಸಕ್ಕೆ ವಿರೋಧಿಯಲ್ಲ: ದೂರದ ಸವಾರಿಗೆ ದೇಹವನ್ನು ಹದಗೊಳಿಸುವ ನುರಿತವರು ತಮ್ಮ ಅಭ್ಯಾಸದ ಬಹುಭಾಗವನ್ನು ಮಾತಾಡುತ್ತ ತುಳಿಯಬಹುದಾದಷ್ಟು ಹಗುರವಾದ ಶ್ರಮದಲ್ಲಿಯೇ ಕಳೆಯುತ್ತಾರೆ. ಉಳಿದ ತೀವ್ರಾಭ್ಯಾಸಕ್ಕೆ ಅರುಣೋದಯದ ಪಥವಿದೆ, ಜನವಿರಳವಾದ ಕೊನೆಗಳಿವೆ. ದಾರಿಯ ತುಣುಕುಗಳಲ್ಲಿ ಯಾರು ಎಷ್ಟು ಬೇಗ ಸಾಗಿದರೆಂಬ ಪಟ್ಟಿಯನ್ನು ಮೊಬೈಲಿನಲ್ಲಿ ತೋರಿಸುವ ಸ್ಟ್ರಾವಾದಂಥ ಸಾಧನಗಳು ಈ ವಿವೇಕವನ್ನು ಕದಡಿರುವುದು ನಿಜ. ಆದರೆ ಅದೇ ಸಾಧನದಲ್ಲಿ ಒಂದು ತುಣುಕನ್ನು ಅಪಾಯಕರವೆಂದು ಗುರುತಿಸುವ ಅನುಕೂಲವೂ ಇದೆ. ಜನನಿಬಿಡವಾದ ತೀರದ ತುಣುಕುಗಳನ್ನು ಹಾಗೆ ಗುರುತಿಸುವುದು ಸವಾರರ ಸಂಘಗಳು ತಾವಾಗಿ ಮಾಡಬೇಕಾದ ಮೊದಲ ಕೆಲಸ.

ಇನ್ನು ಆಡಳಿತದ ಪಾಲು. ಷಿಕಾಗೊದಲ್ಲಿ ನಡೆಯುವವರೂ ಸವಾರರೂ ಬಹುಕಾಲ ಒಂದೇ ಪಟ್ಟಿಯನ್ನು ಹಂಚಿಕೊಂಡಿದ್ದರು. ಹೂಡಿಕೆದಾರ ಕೆನ್ ಗ್ರಿಫಿನ್ 2016ರಲ್ಲಿ ಒಂದು ಕೋಟಿ ಇಪ್ಪತ್ತು ಲಕ್ಷ ಡಾಲರ್ ದಾನ ನೀಡಿದ ಮೇಲೆ ಕೆಲಸ ವೇಗಗೊಂಡು, 2018ರ ಕೊನೆಗೆ ಇಬ್ಬರಿಗೂ ಪ್ರತ್ಯೇಕ ದಾರಿಗಳಾದವು. ಅತ್ಯಂತ ಇಕ್ಕಟ್ಟಾದ ನೇವಿ ಪಿಯರ್ ಬಳಿ 2014ರಲ್ಲಿ ಆರಂಭವಾದ ಮೇಲ್ಸೇತುವೆ 2021ರಲ್ಲಿ ಪೂರ್ಣವಾಯಿತು. ನದಿಯನ್ನು ದಾಟುವಲ್ಲಿ ಹಳೆಯ ಸೇತುವೆಯ ಕಾವಲು ಗೋಪುರವನ್ನೇ ಕೊರೆದು ದಾರಿ ಬಿಡಿಸಿದರು. ಕೆನಡಾದ ವ್ಯಾಂಕೂವರಿನಲ್ಲಿ, ಜೇಮ್ಸ್ ಕನಿಂಗ್‌ಹ್ಯಾಮ್ ಎಂಬ ಕಲ್ಲುಕುಟಿಗನು ದಶಕಗಳ ಕಾಲ ಮುಂದೆ ನಿಂತು ಕಟ್ಟಿಸಿದ ಸ್ಟ್ಯಾನ್ಲಿ ಉದ್ಯಾನದ ಕಡಲಗೋಡೆಯ ಮೇಲೆ ಸೈಕಲುಗಳು ಗಡಿಯಾರದ ಮುಳ್ಳಿಗೆ ವಿರುದ್ಧವಾದ ಒಂದೇ ದಿಕ್ಕಿನಲ್ಲಿ ಹೋಗತಕ್ಕದ್ದು. ಎದುರುಬದುರಿನ ಭಯವೇ ಅಲ್ಲಿ ಇಲ್ಲವಾಗಿದೆ. ಸಿಂಗಪುರವು ಸೈಕಲ್ ಪಥಗಳಲ್ಲಿಯೂ ಹಂಚಿಕೊಂಡ ಪಥಗಳಲ್ಲಿಯೂ ಗಂಟೆಗೆ 25 ಕಿಲೋಮೀಟರಿನ ಮಿತಿಯನ್ನು ಶಾಸನದಿಂದಲೇ ವಿಧಿಸಿದೆ.

ಈ ಮೂರು ಕ್ರಮಗಳಲ್ಲಿ ಮಿತಿಯ ಫಲಕವು ಅಗ್ಗ, ಆದ್ದರಿಂದ ಎಲ್ಲ ಪುರಸಭೆಗಳಿಗೂ ಪ್ರಿಯ. ಆದರೆ ಅದರಿಂದ ಸಿಕ್ಕುವ ಫಲ ಕಡಿಮೆ. ಖಾಲಿ ಪಥದಲ್ಲಿ 25 ನಿರಪಾಯ, ಸುರಂಗದಾರಿಯ ಬಾಯಿಯಲ್ಲಿ 15 ಸಹ ಅಧಿಕ. ಸೈಕಲುಗಳಲ್ಲಿ ಬಹುಪಾಲಿಗೆ ವೇಗ ತೋರಿಸುವ ಮುಳ್ಳೂ ಇಲ್ಲ. ದಾರಿಯೇ ಸವಾರನಿಗೆ ಗತಿಯನ್ನು ಕಲಿಸಬೇಕು: ದಾಟುವ ಕಡೆಗಳಲ್ಲಿ ನೆಲದ ಬಣ್ಣವೂ ಒರಟೂ ಬದಲಾಗಬೇಕು, ತಿರುವಿನಲ್ಲಿ ನೋಟಕ್ಕೆ ಅಡ್ಡಬರುವ ಪೊದೆಯೂ ಅಂಗಡಿಯೂ ಸರಿಯಬೇಕು, ಕುಳಿತುಕೊಳ್ಳುವ ಬೆಂಚುಗಳು ನೀರಿನ ಕಡೆಗಿದ್ದು ಸೈಕಲು ಒಳಬದಿಗೆ ಹೋಗಬೇಕು.

ಬೆಂಗಳೂರಿನ ಕೆರೆಗಳ ಸುತ್ತ ನಡಿಗೆಯ ದಾರಿಗಳನ್ನು ಕಟ್ಟಿರುವ ನಾವು ಹಲವು ಕಡೆ ಬಾಗಿಲಲ್ಲಿಯೇ ಸೈಕಲನ್ನು ನಿಷೇಧಿಸಿ ಸಮಸ್ಯೆ ಬಗೆಹರಿಯಿತೆಂದು ತೃಪ್ತಿಪಡುತ್ತೇವೆ. ಕಿರಿದಾದ ಏರಿಯ ಮೇಲೆ ಅದು ಸರಿಯೇ ಇರಬಹುದು. ಆದರೆ ನಿಷೇಧಗೊಂಡ ಸೈಕಲು ಹೊರಗಿನ ರಸ್ತೆಯಲ್ಲಿ ಬಸ್ಸಿನ ಮಗ್ಗುಲಿಗೆ ಹೋಗಿ ಸೇರುತ್ತದೆ, ಶಾಲೆಗೆ ಹೋಗುವ ಹುಡುಗಿಯೇ ಅದರ ಮೇಲಿರುವುದೂ ಉಂಟು. ಹೊಸದಾಗಿ ನದೀತೀರವನ್ನೋ ಕಡಲತಡಿಯನ್ನೋ ಕೆರೆಯಂಗಳವನ್ನೋ ಅಭಿವೃದ್ಧಿಪಡಿಸ ಹೊರಟ ಪ್ರತಿಯೊಂದು ಊರೂ ನಕ್ಷೆಯ ಹಂತದಲ್ಲಿಯೇ ಎರಡು ಪಟ್ಟಿಗಳಿಗೆ ಜಾಗವನ್ನು ತೆಗೆದಿಡಬೇಕು; ಕಟ್ಟಿ ಮುಗಿದ ಮೇಲೆ ಅಗಲಿಸಲು ಹೊರಟರೆ ಒಂದೆಡೆ ನೀರು, ಒಂದೆಡೆ ರಸ್ತೆ, ವೆಚ್ಚವೂ ವಿಳಂಬವೂ ಅಪಾರ ಎಂಬುದಕ್ಕೆ ಷಿಕಾಗೊದ ಏಳು ವರ್ಷದ ಮೇಲ್ಸೇತುವೆಯೇ ಸಾಕ್ಷಿ. ಅಂಥ ದಾರಿ ಸಿದ್ಧವಾಗುವವರೆಗೆ, ಮತ್ತು ಸಿದ್ಧವಾದ ಮೇಲೆ ಕೂಡ, ಬಲಿಷ್ಠನಾದವನು ದುರ್ಬಲನ ಗತಿಗೆ ತನ್ನ ಗತಿಯನ್ನು ಹೊಂದಿಸಿಕೊಳ್ಳತಕ್ಕದ್ದು. ಬೀದಿಯಲ್ಲಿ ಮೋಟಾರಿನವನಿಂದ ಸವಾರನು ನ್ಯಾಯವಾಗಿ ಅಪೇಕ್ಷಿಸುವುದು ಇದನ್ನೇ; ತೀರದಲ್ಲಿ ನಡೆಯುವವರಿಗೆ ಅದನ್ನು ತಾನೇ ಮೊದಲು ಸಲ್ಲಿಸಿದಾಗ ಅವನ ಬೇಡಿಕೆಗೆ ಎದುರುತ್ತರವಿರುವುದಿಲ್ಲ.